ಗಾಡಿ ಜೋಪಾನ ಮಾಡಿದವರು

ಔರಾದದ ಅಮರೇಶ್ವರಾ, ನಿನ್ನ ಮುಂದೆ ಕಾಯಿ ಒಡೆಸಿ ಮಂದಿ ಬೇಡುವುದು ಮಳೆ, ಬೆಳೆ, ಮಕ್ಕಳ ಮದುವೆ. ನಾನು ಬೇಡಲು ಬಂದದ್ದು ಕೆಲವು ಹೆಸರುಗಳನ್ನು. ಹೂಗ್ಲಿ ದಂಡೆಯ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್ ಕಾರ್ಖಾನೆ 1968ರಲ್ಲಿ ತಯಾರಿಸಿದ ಒಂದು ಅಂಬಾಸಡರ್ ಮಾರ್ಕ್ 2 ಗಾಡಿ 1976ರಿಂದ 1990ರ ತನಕ ನಮ್ಮ ಅಪ್ಪನ ಕೈಯಲ್ಲಿತ್ತು. ಅಪ್ಪನಿಗಿಂತ ಮುಂಚೆ ಅದು ಯಾರದು, ಅಪ್ಪ ಮಾರಿದ ಮೇಲೆ ಯಾರ ಯಾರ ಅಂಗಳದಲ್ಲಿ ನಿಂತಿತು ಎಂದು ಹುಡುಕುತ್ತ ಹೊರಟವಳು ನಾನು. ಸಿಕ್ಕ ಹೆಸರುಗಳನ್ನು ನಿನ್ನ ಪಾದಕ್ಕೆ ಒಪ್ಪಿಸುತ್ತೇನೆ. ಸಿಗದವುಗಳನ್ನು ನೀನೇ ಹೇಳಬೇಕು. ಓದುವವರ ಮುಂದೆ ಸಿಕ್ಕ ಹೆಸರುಗಳನ್ನೂ ಬರೆಯಲಾರೆ; ಅವರೆಲ್ಲ ತಮ್ಮ ಪಾಡಿಗೆ ಬದುಕಿದ ಮಂದಿ. ನಿನ್ನ ಕಿವಿಗೆ ಮಾತ್ರ ಒಂದೊಂದಾಗಿ ಹೇಳಿದ್ದೇನೆ.

ಶಿವರಾತ್ರಿಯ ಹೊತ್ತಿಗೆ ನಿನ್ನ ಜಾತ್ರೆ ಕೂಡಿದಾಗ ದೇವಣಿ ದನಗಳು ಸಾಲು ಹಿಡಿದು ನಿಲ್ಲುತ್ತವೆ. ಮೈಯೆಲ್ಲ ಬಿಳುಪಿನ ಬಾಲಂಕ್ಯಾ, ಮೈ ಬಿಳಿದಾಗಿ ಮೋರೆ ಮಾತ್ರ ಕಪ್ಪಾದ ವಾನ್ನೇರಾ, ಬಿಳಿ ಮೈ ಮೇಲೆ ಕರಿ ಮಚ್ಚೆ ಚೆಲ್ಲಿದ ಶೇವೇರಾ. ಯಾವ ಹೋರಿಯ ಬೆನ್ನ ಮೇಲೆ ಕೈಯಿಟ್ಟು ಕೇಳಿದರೂ ಅದು ಯಾವ ಊರಿನ ಯಾರ ಕೊಟ್ಟಿಗೆಯದು, ಎಷ್ಟು ಹಲ್ಲಿದ್ದಾಗ ಯಾರಿಗೆ ಮಾರಿದ್ದು, ಅದರ ತಾಯಿ ಎಷ್ಟು ಹಾಲು ಕೊಡುತ್ತಿತ್ತು ಎಂದು ಹೇಳುವ ಹಿರಿಯರು ಅಲ್ಲೇ ಕುಂತಿರುತ್ತಾರೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಕುದುರಿಸಿದ ರೇಟು ಗುಟ್ಟಾಗಿ ಉಳಿದರೂ ಕೊಟ್ಟವರು ಯಾರು, ಕೊಂಡವರು ಯಾರು ಎಂಬುದು ಇಡೀ ಜಾತ್ರೆಗೆ ಗೊತ್ತು. ಈ ಲೆಕ್ಕಕ್ಕೆ ಯಾವ ರಿಜಿಸ್ಟರೂ ಇಲ್ಲ. ಗಾಡಿಗೆ ರಿಜಿಸ್ಟರ್ ಇದೆ, ನಂಬರ್ ಇದೆ, ಸರಕಾರದ ಮುದ್ರೆ ಇದೆ. ಆದರೂ ಅದರ ಮೂಲ ಹಿಡಿಯಲು ಮೂರು ರಾಜ್ಯಗಳ ಬಾಗಿಲು ತಟ್ಟಬೇಕಾಯಿತು ಸ್ವಾಮೀ.

ಅಪ್ಪ ಔರಾದದಲ್ಲಿ ಅಡತ್ ಅಂಗಡಿ ಇಟ್ಟವರು. ತೊಗರಿ, ಉದ್ದು, ಹೆಸರು, ಜೋಳ. ಹುಡುಗನಿದ್ದಾಗ ಭಾಲ್ಕಿ ಹಿರೇಮಠದಲ್ಲಿ ಉಳಿದು ಕಲಿತವರು. ನಿಜಾಮನ ಕಾಲದಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಆ ಮಠದ ಕತೆ ಈ ಸೀಮೆಯ ಮನೆಮನೆಗೂ ಗೊತ್ತಿದೆ. ಅಪ್ಪನ ಅಕ್ಷರದಲ್ಲಿ ಆ ಎರಡೂ ಉಳಿದಿದ್ದವು. ಅಂಗಡಿಯ ಖಾತೆ ಕನ್ನಡದಲ್ಲಿ ಬರೆಯುತ್ತಿದ್ದರು, ಸಹಿ ಮಾತ್ರ ಉರ್ದುವಿನಲ್ಲಿ ಹಾಕುತ್ತಿದ್ದರು. ಆ ಸಹಿ ಮುಂದೆ ನನಗೆ ಎಷ್ಟು ಉಪಕಾರ ಮಾಡಿತು ಎಂಬುದು ನಿನಗೆ ಗೊತ್ತು.

ಗಾಡಿ ಬಂದದ್ದು ಹೈದರಾಬಾದಿನಿಂದ. ಔರಾದಕ್ಕೆ ರೈಲಿಲ್ಲ, ಕಮಲನಗರಕ್ಕೋ ಭಾಲ್ಕಿಗೋ ಬೀದರಿಗೋ ಹೋಗಿಯೇ ರೈಲು ಹತ್ತಬೇಕು. ಬೆಳಿಗ್ಗೆ ಉದಗೀರದ ಗಂಜ್, ಮಧ್ಯಾಹ್ನ ಭಾಲ್ಕಿ, ಸಂಜೆಗೆ ಬೀದರದ ಗಂಜ್ ಮುಟ್ಟಿ ರಾತ್ರಿ ಮನೆಗೆ ಬರಬೇಕಾದ ಮನುಷ್ಯನಿಗೆ ಗಾಡಿ ಬೇಕಿತ್ತು. ಸ್ಟೇರಿಂಗಿನ ಪಕ್ಕದಲ್ಲೇ ಗೇರು, ಮುಂದೆ ಒಂದೇ ಉದ್ದನೆಯ ಸೀಟು, 1489 ಸಿಸಿಯ ಪೆಟ್ರೋಲ್ ಎಂಜಿನ್. ಆ ಮುಂದಿನ ಸೀಟಿನಲ್ಲಿ ಅಪ್ಪನ ಪಕ್ಕ ಇಬ್ಬರು ದೊಡ್ಡವರು, ಅವರ ತೊಡೆಯ ಮೇಲೆ ಒಂದು ಕೂಸು ಆರಾಮಾಗಿ ಕೂಡುತ್ತಿದ್ದರು. ಬಂದ ದಿನವೇ ಅಪ್ಪ ನಿನ್ನ ಗುಡಿಗೆ ಒಯ್ದು, ಗಾಲಿಗೆ ನಿಂಬೆಹಣ್ಣು ಇಟ್ಟು, ಚೌಕಟ್ಟು ಹಾಕಿಸಿದ ನಿನ್ನ ಸಣ್ಣ ಫೋಟೋ ಒಂದನ್ನು ಡ್ಯಾಶ್‌ಬೋರ್ಡಿಗೆ ಎರಡು ಸ್ಕ್ರೂ ಹೊಡೆದು ಕೂಡಿಸಿದರು. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಆ ಗಾಡಿಯಲ್ಲಿ ಅಂದಿನಿಂದ ಇಳಿಯದೆ ಕುಂತವನು ನೀನೊಬ್ಬನೇ. ಸ್ಟೇರಿಂಗ್ ಹಿಡಿದವರ ಮುಖವೆಲ್ಲ ನೀನು ನೋಡಿದ್ದೀ.

ಹೈದರಾಬಾದಿನ ಮೊದಲ ಮಾಲೀಕರಿಗಾಗಿ ಮೊದಲು ಬೇಡುತ್ತೇನೆ. ಆರ್‌ಸಿ ಬುಕ್ಕಿನ ಒಂದು ನಕಲು ಅಪ್ಪನ ಖಾತೆ ಪುಸ್ತಕದೊಳಗೆ ಸಿಕ್ಕಿತು. ಅದರಲ್ಲಿ ಆಂಧ್ರದ ಮೂರಕ್ಷರದ ಹಳೇ ನಂಬರ್ ಹೊಡೆದು ಹಾಕಿ ಪಕ್ಕದಲ್ಲಿ ಕರ್ನಾಟಕದ ನಂಬರ್ ಬರೆದಿದ್ದಾರೆ. ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಉಳಿದರೆ ಹೊಸ ನಂಬರ್ ಪಡೆಯಬೇಕೆಂಬ ನಿಯಮ 1939ರ ಮೋಟಾರು ವಾಹನ ಕಾಯ್ದೆಯಲ್ಲೂ ಇತ್ತು, 1988ರ ಕಾಯ್ದೆಯಲ್ಲೂ ಇದೆ. ನಂಬರ್ ಬದಲಾದರೂ ಚಾಸಿ ನಂಬರ್ ಬದಲಾಗದು. ಕಾರ್ಖಾನೆಯಲ್ಲಿ ಹೊಡೆದ ಆ ಅಂಕಿಗಳೇ ಗಾಡಿಯ ಕುಲಗೋತ್ರ. ನಾನು ಹಿಡಿದು ಹೊರಟದ್ದು ಅದನ್ನೇ.

ಮೊದಲ ಮಾಲೀಕರು ಮಲಕಪೇಟದ ಒಬ್ಬ ಬೇಗಂ ಸಾಹೇಬರು. ಆ ಕಾಲದಲ್ಲಿ ಹೊಸ ಕಾರು ಬೇಕೆಂದರೆ ದುಡ್ಡು ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕಿತ್ತು. ಒಬ್ಬ ಹೆಣ್ಣುಮಗಳು ತನ್ನ ಹೆಸರಿನಲ್ಲೇ ಗಾಡಿ ಬರೆಸಿಕೊಂಡು ಎಂಟು ವರ್ಷ ಇಟ್ಟುಕೊಂಡಿದ್ದರು ಎಂದು ತಿಳಿದ ದಿನ ನಾನು ಬಹಳ ಹೊತ್ತು ಆ ಹಾಳೆಯನ್ನೇ ನೋಡಿದೆ. ಅಪ್ಪ ಒಮ್ಮೆಯೂ ಇದನ್ನು ಹೇಳಿರಲಿಲ್ಲ. ಅವರ ಮನೆಯಿದ್ದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡ. ಓಣಿಯ ಒಬ್ಬ ದರ್ಜಿಗೆ ಮಾತ್ರ ನೆನಪಿತ್ತು: ಬಿಳಿ ಗಾಡಿ, ಹಿಂದಿನ ಕಿಟಕಿಗೆ ಹಸಿರು ಪರದೆ. ಬಿಳಿ ಎಂದೊಡನೆ ನನಗೆ ನಂಬಿಕೆ ಬಂತು, ಯಾಕೆಂದರೆ ಅಪ್ಪ ಬಳಿಸಿದ ನೀಲಿ ಬಣ್ಣದ ಕೆಳಗೆ ಅಲ್ಲಲ್ಲಿ ಬಿಳಿ ಇಣುಕುತ್ತಿದ್ದದ್ದು ನನಗೆ ನೆನಪಿದೆ. ಅಮರೇಶ್ವರಾ, ಆ ತಾಯಿ ಎಲ್ಲಿದ್ದರೂ, ಇಲ್ಲದಿದ್ದರೂ, ಅವರ ಮಕ್ಕಳು ಮೊಮ್ಮಕ್ಕಳು ತಣ್ಣಗಿರಲಿ. ಅವರು ಚೆನ್ನಾಗಿ ಇಟ್ಟಿದ್ದರಿಂದಲೇ ಗಾಡಿ ನಮ್ಮಲ್ಲಿ ಹದಿನಾಲ್ಕು ವರ್ಷ ಓಡಿತು.

ಇನ್ನು ಕಾಗದದ ಮಾತು. ಕರ್ನಾಟಕದಲ್ಲಿ ಗಾಡಿಯ ಜಾತಕ ಬೇಕಾದರೆ ಬಿ ಎಕ್ಸ್‌ಟ್ರಾಕ್ಟ್ ಕೇಳಬೇಕು. ಅರ್ಜಿ ಕೊಟ್ಟೆ. ಕಂಪ್ಯೂಟರಿನಲ್ಲಿ ಇಲ್ಲದ ಆ ಹಳೇ ನಂಬರನ್ನು ದಪ್ಪ ರಿಜಿಸ್ಟರುಗಳಲ್ಲಿ ಹುಡುಕಿಕೊಟ್ಟ ಗುಮಾಸ್ತೆ ಹೆಣ್ಣುಮಗಳಿಗೆ ನಿನ್ನ ಆಶೀರ್ವಾದ ಇರಲಿ. ಊಟದ ಡಬ್ಬಿ ಪಕ್ಕಕ್ಕಿಟ್ಟು ಧೂಳು ಒರೆಸಿ ಒಂದೊಂದೇ ಹಾಳೆ ತಿರುವಿದಳು. ಮಾಲೀಕರ ಕಾಲಮಿನಲ್ಲಿ ಅಪ್ಪನ ಹೆಸರು ಇತ್ತು. ಅದರ ಕೆಳಗೆ ಯಾರ ಹೆಸರೂ ಇರಲಿಲ್ಲ. 1990ರಲ್ಲಿ ಮಾರಿದ ಗಾಡಿ, ಅಪ್ಪ 2009ರಲ್ಲಿ ತೀರಿಕೊಂಡರು, ಇವತ್ತಿಗೂ ಆ ಪುಸ್ತಕದಲ್ಲಿ ಅವರೇ ಮಾಲೀಕರು.

ಆಗಿದ್ದೇನೆಂದರೆ, ಈ ಗಡಿನಾಡಿನಲ್ಲಿ ನೂರಾರು ಗಾಡಿಗಳಿಗೆ ಆದದ್ದೇ. 29 ಮತ್ತು 30ನೇ ನಮೂನೆಗಳಿಗೆ ಮಾರುವವರ ಸಹಿ ಹಾಕಿಸಿಕೊಂಡು ತಾರೀಖು, ಕೊಂಡವರ ಹೆಸರು ಎರಡೂ ಖಾಲಿ ಬಿಡುತ್ತಾರೆ. ಅದಕ್ಕೆ ಓಪನ್ ಪೇಪರ್ ಅನ್ನುತ್ತಾರೆ. ಗಾಡಿ ಕೈ ಬದಲಾದಂತೆ ಆ ಖಾಲಿ ಹಾಳೆಯೂ ಕೈ ಬದಲಾಗುತ್ತ ಹೋಗುತ್ತದೆ. ಬೇರೆ ರಾಜ್ಯಕ್ಕೆ ಹೋಗುವುದಾದರೆ 28ನೇ ನಮೂನೆಯ ಎನ್‌ಒಸಿ ಬೇಕು, ಅಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಇಷ್ಟೆಲ್ಲ ಯಾರು ಮಾಡಿಸುತ್ತಾರೆಂದು ಎಲ್ಲರೂ ಸುಮ್ಮನಾಗುತ್ತಾರೆ. ಕಾನೂನು ಮಾತ್ರ ಸುಮ್ಮನಿರುವುದಿಲ್ಲ. ನವೀನ್ ಕುಮಾರ್ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಖಡಾಖಂಡಿತವಾಗಿ ಹೇಳಿದೆ: ಕಾರು ಒಬ್ಬರಿಂದ ಒಬ್ಬರಿಗೆ ಎಷ್ಟು ಕೈ ದಾಟಿದ್ದರೂ ರಿಜಿಸ್ಟರಿನಲ್ಲಿ ಹೆಸರಿರುವವನೇ ಮಾಲೀಕ, ಅಪಘಾತವಾದರೆ ಪರಿಹಾರದ ಹೊಣೆಯೂ ಅವನ ಮೇಲೆಯೇ. ಇದನ್ನು ಓದಿದಾಗ ಎದೆ ನಡುಗಿತು. ಅಪ್ಪನಿಗೆ ಗೊತ್ತೇ ಇಲ್ಲದೆ, ಗೊತ್ತೇ ಇಲ್ಲದವರ ಕೈಯಲ್ಲಿ, ಅವರ ಹೆಸರು ಹೊತ್ತು ಆ ಗಾಡಿ ಎಲ್ಲೆಲ್ಲಿ ಓಡಾಡಿತೋ. ಒಂದು ಜೀವಕ್ಕೂ ಅದರಿಂದ ನೋವಾಗದಂತೆ ಕಾಯ್ದವನು ನೀನೇ ಎಂದು ನಂಬಿದ್ದೇನೆ. ಆ ನಂಬಿಕೆಯನ್ನು ನನ್ನಿಂದ ಕಿತ್ತುಕೊಳ್ಳಬೇಡ.

ಕಾಗದ ಸುಮ್ಮನಾದ ಮೇಲೆ ಉಳಿದದ್ದು ಮಂದಿಯ ನೆನಪು. ಉದಗೀರದ ಗಂಜಿನಲ್ಲಿ ಅಪ್ಪನಿಗೆ ಪರಿಚಯವಿದ್ದ ಅಂಗಡಿಗಳಲ್ಲಿ ಕೇಳುತ್ತ ಹೋದೆ. ಹಳೇ ಗುಮಾಸ್ತರೊಬ್ಬರು ನನ್ನ ಮುಖ ನೋಡಿಯೇ ಗುರುತು ಹಿಡಿದು, ‘ಕೂಡು ತಂಗಿ’ ಎಂದು ಗೋಣಿಚೀಲ ಸರಿಸಿ ಜಾಗ ಕೊಟ್ಟರು. ‘ಔರಾದದ ಕಾಕಾನ ಗಾಡಿ ಅಂತ ಎಲ್ಲಾರಿಗೂ ಗೊತ್ತಿತ್ತು. ಅದಕ್ಕೇ ಯಾವ ಪೊಲೀಸ್ನೂ ಕಾಗದಾ ಕೇಳಲಿಲ್ಲ, ನಾವೂ ಮಾಡಸಲಿಲ್ಲ’ ಎಂದರು. ಗಾಡಿ ಅಲ್ಲಿ ಒಂದೆರಡು ಮಳೆಗಾಲ ಇದ್ದು ನಿಲಂಗಾ ಕಡೆಗೆ ಹೋಯಿತಂತೆ. ಅಲ್ಲಿಂದ ನಾರಾಯಣಖೇಡ.

ಈ ಊರುಗಳನ್ನು ಒಂದು ನಕ್ಷೆಯಲ್ಲಿ ಗುರುತು ಹಾಕಿ ನೋಡಿದಾಗ ನನಗೆ ಹೊಳೆದದ್ದನ್ನು ನಿನಗೆ ಹೇಳಬೇಕು. ಉದಗೀರ, ನಿಲಂಗಾ, ನಾರಾಯಣಖೇಡ, ಔರಾದ, ಭಾಲ್ಕಿ ಎಲ್ಲವೂ ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆಯೊಳಗೇ ಇದ್ದವು. 1956ರ ನವೆಂಬರ್ 1ರಂದು ಉದಗೀರ, ನಿಲಂಗಾ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ ಹೋದವು, ನಾರಾಯಣಖೇಡ ಆಂಧ್ರಕ್ಕೆ ಹೋಯಿತು, ನಾವು ಮೈಸೂರು ರಾಜ್ಯಕ್ಕೆ ಬಂದೆವು. ಅಪ್ಪನ ಗಾಡಿ 1990ರ ನಂತರ ಸುತ್ತಿದ್ದೆಲ್ಲ ಆ ಹಳೇ ಜಿಲ್ಲೆಯೊಳಗೇ. ಹಳೇ ವ್ಯಾಪಾರದ ದಾರಿ, ಹಳೇ ಬೀಗತನ, ಕನ್ನಡ ಮರಾಠಿ ಉರ್ದು ತೆಲುಗು ನಾಲ್ಕನ್ನೂ ಮಾತಾಡುವ ಮಂದಿ. ಅವರಿಗೆ ಗಾಡಿ ಒಂದೂರಿನಿಂದ ಇನ್ನೊಂದೂರಿಗೆ ಹೋಗಿತ್ತು ಅಷ್ಟೇ. ರಿಜಿಸ್ಟರುಗಳ ಪಾಲಿಗೆ ಅದು ಮೂರು ರಾಜ್ಯ ದಾಟಿ ಕಾಣೆಯಾಗಿತ್ತು. ನಾರಾಯಣಖೇಡವಂತೂ ಗಾಡಿ ಹೋದ ಮೇಲೆಯೂ ರಾಜ್ಯ ಬದಲಿಸಿತು. 2014ರ ಜೂನ್ 2ರಿಂದ ಅದು ತೆಲಂಗಾಣ, 2016ರಿಂದ ಮೆದಕ್ ಬಿಟ್ಟು ಸಂಗಾರೆಡ್ಡಿ ಜಿಲ್ಲೆ.

ನಿಲಂಗಾದ ಡ್ರೈವರ್ ಕಾಕಾನ ಬಗ್ಗೆ ಹೇಳುವಾಗ ನನ್ನ ದನಿ ಗಟ್ಟಿಯಾಗಿ ಉಳಿಯುವಂತೆ ಮಾಡು. ಗಾಡಿ ಕೊಂಡ ಮಾಲೀಕರು ಈಗಿಲ್ಲ. ಅವರ ಬಳಿ ದುಡಿದ ಡ್ರೈವರ್ ಸಿಕ್ಕರು. ನಂಬರ್ ಕೇಳಿದರೆ ತಲೆಯಾಡಿಸಿದರು, ನೆನಪಿಲ್ಲ. ‘ಡ್ಯಾಶ್‌ಬೋರ್ಡ್ ಮ್ಯಾಲ ಔರಾದದ ದೇವ್ರ ಫೋಟೋ ಇತ್ತು ನೋಡು, ಅದೇ ಗಾಡಿ’ ಎಂದರು.

1993ರ ಸೆಪ್ಟೆಂಬರ್ 30. ಗಣಪತಿ ಕಳಿಸಿ ದಣಿದು ಮಲಗಿದ ರಾತ್ರಿ. ನಸುಕಿನ 4 ಗಂಟೆಗೆ ಇನ್ನೇನು ನಾಲ್ಕು ನಿಮಿಷ ಇರುವಾಗ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಬೀದರ್ ಕಡೆಯ ನಾವೂ ಮನೆಯಿಂದ ಹೊರಗೆ ಓಡಿ ಬಂದಿದ್ದೆವು. ನಮ್ಮ ಸೀಮೆಯ ಮನೆಗಳೆಂದರೆ ಕಲ್ಲು, ಮಣ್ಣಿನ ಗೋಡೆ, ಅದರ ಮೇಲೆ ಭಾರದ ಮಣ್ಣಿನ ಮಾಳಿಗೆ. ಸೆಕೆ ತಡೆಯಲು ಕಟ್ಟಿದ ಆ ಮಾಳಿಗೆಗಳೇ ಮಲಗಿದವರ ಮೇಲೆ ಬಿದ್ದವು. ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ 9 ಸಾವಿರಕ್ಕೂ ಹೆಚ್ಚು ಜೀವ ಹೋದವು. ಬೆಳಕು ಹರಿಯುವ ಮುಂಚೆ ಮಾಲೀಕರು ಡ್ರೈವರಿಗೆ ಕೀಲಿಕೈ ಕೊಟ್ಟು ಕಿಲ್ಲಾರಿಗೆ ಕಳಿಸಿದರಂತೆ.

‘ತಾಯಿ, ನಾ ಮೊದಲ ಖೇಪಿನಾಗೇ ಹಿಂದಿನ ಸೀಟ ಬಿಚ್ಚಿ ಒಂದು ಬೇವಿನ ಗಿಡದ ಬುಡಕ ಒಗದೆ. ಕೂಡೋರು ಯಾರಿದ್ರು? ಎಲ್ಲಾ ಮಲಗಿಸಿ ಒಯ್ಯೋರೇ’ ಎಂದರು ಕಾಕಾ. ಉಮರ್ಗಾದ ದವಾಖಾನೆಗೆ, ಆಮೇಲೆ ಲಾತೂರಿಗೆ, ಕೆಲವರನ್ನು ಸೋಲಾಪುರಕ್ಕೆ. ಮಳೆ ಹಿಡಿದು ಹೊಲದ ದಾರಿಯೆಲ್ಲ ಕೆಸರಾಯಿತು. ಮೂರನೇ ದಿನ ಗಾಡಿ ಕೆಸರಲ್ಲಿ ಹೂತಾಗ ಊರ ಮಂದಿ ಹೆಗಲು ಕೊಟ್ಟು ಎತ್ತಿದರು. ಯಾರು ಬದುಕಿದರು, ಯಾರು ದಾರಿಯಲ್ಲೇ ಹೋದರು ಎಂಬುದನ್ನು ಅವರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸೀಟನ್ನು ತಿರುಗಿ ತರಲು ಹೋದಾಗ ಅದು ಅಲ್ಲಿರಲಿಲ್ಲ. ಯಾರೋ ತಾಡಪತ್ರಿಯ ಕೆಳಗೆ ಒಬ್ಬ ಮುದುಕಿಯನ್ನು ಅದರ ಮೇಲೆ ಮಲಗಿಸಿದ್ದರು. ಕಾಕಾ ಅದನ್ನು ಅಲ್ಲೇ ಬಿಟ್ಟು ಬಂದರು. ಮಾಲೀಕರೂ ಬೈಯಲಿಲ್ಲ. ಆಮೇಲೆ ಬಹಳ ದಿನ ಹಿಂದೆ ಕಟ್ಟಿಗೆಯ ಹಲಗೆ ಹಾಕಿ ಓಡಿಸಿದರಂತೆ.

ಅಮರೇಶ್ವರಾ, ಅಮ್ಮ ಆ ಹಿಂದಿನ ಸೀಟಿಗೆ ತನ್ನ ಹಳೇ ಇಳಕಲ್ ಸೀರೆಯ ಹೊದಿಕೆ ಹೊಲಿಸಿದ್ದಳು. ಕಿಲ್ಲಾರಿಯ ಆ ಮುದುಕಿಗೆ ಅದು ಮೆತ್ತಗಿತ್ತೆಂದು ಹೇಳು. ಅವಳ ಹೆಸರು ನನಗೆ ಸಿಗುವುದಿಲ್ಲ, ಗಾಡಿಯ ನೆಲದ ಮೇಲೆ ಮಲಗಿ ಹೋದವರ ಹೆಸರೂ ಸಿಗುವುದಿಲ್ಲ. ಆದರೂ ನನ್ನ ಪಟ್ಟಿಯಲ್ಲಿ ಅವರಿಗೆಲ್ಲ ಒಂದು ಸಾಲು ಬಿಟ್ಟಿದ್ದೇನೆ. ಮೂರು ದಿನ ಆ ಗಾಡಿ ಅವರದೇ ಆಗಿತ್ತು. ಕಾಯ್ದೆ ಒಪ್ಪದಿದ್ದರೂ ನೀನು ಒಪ್ಪು.

ನಾರಾಯಣಖೇಡದಲ್ಲಿ ನಡೆದದ್ದು ಚಿಕ್ಕದು. ಪೆಟ್ರೋಲಿಗೆ ದುಡ್ಡು ಸಾಲದೆ ಹೊಸ ಮಾಲೀಕರು ಹಳೇ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂಡಿಸಿದರು. ಆ ಕೆಲಸ ಮಾಡಿದ ಮಿಸ್ತ್ರಿ ಸಾಬ್ ಇನ್ನೂ ಗ್ಯಾರೇಜಿಗೆ ಬಂದು ಕೂಡುತ್ತಾರೆ, ಮಕ್ಕಳು ಕೆಲಸ ನೋಡಿಕೊಳ್ಳುತ್ತಾರೆ. ಓಪನ್ ಪೇಪರ್ ಅವರ ಕಣ್ಣಿಗೆ ಬಿದ್ದಿತ್ತು. ಕರ್ನಾಟಕದ ನಂಬರು, ಕನ್ನಡದ ಮುದ್ರೆ, ಕೆಳಗೆ ಉರ್ದುವಿನಲ್ಲಿ ಚೆಂದದ ಸಹಿ ಕಂಡು ಬೆರಗಾಗಿ ಓದಿದ್ದರಂತೆ. ಅಪ್ಪನ ಹೆಸರನ್ನು ನಾನು ಹೇಳುವ ಮುಂಚೆ ಅವರೇ ಹೇಳಿದರು. ಸ್ವಾಮೀ, ಅಪ್ಪ ತೀರಿ ಇಷ್ಟು ವರ್ಷದ ಮೇಲೆ, ಪರವೂರಿನಲ್ಲಿ, ಎಣ್ಣೆ ಮೆತ್ತಿದ ಕೈಯ ಹಿರಿಯರೊಬ್ಬರ ಬಾಯಲ್ಲಿ ಅವರ ಹೆಸರು ಕೇಳಿಸಿದ್ದಕ್ಕೆ ನಿನಗೆ ನಾನು ಏನು ಕೊಟ್ಟರೂ ಕಡಿಮೆ. ಫೋಟೋ ಆಗಲೂ ಇತ್ತಂತೆ. ಒಂದು ಸ್ಕ್ರೂ ಸಡಿಲಾಗಿತ್ತು, ಬಿಗಿದು ಕಳಿಸಿದೆ ಎಂದರು.

ಅಲ್ಲಿಂದ ಮುಂದೆ ನನಗೆ ಏನೂ ತಿಳಿಯದು. ಯಾರೋ ಬಂದು ಒಯ್ದರು. ಭಂಗಾರಿಗೆ ಹೋಗಿರಬಹುದು ಎಂದು ಒಬ್ಬರು, ಇಲ್ಲ, ಓಡುತ್ತಲೇ ಹೋಯಿತು ಎಂದು ಇನ್ನೊಬ್ಬರು. ಉತ್ತರಪಾರಾದ ಕಾರ್ಖಾನೆಯೇ 2014ರ ಮೇ ತಿಂಗಳಲ್ಲಿ ಕೆಲಸ ನಿಲ್ಲಿಸಿತು. ಈ ಜಾತಿಯ ಗಾಡಿ ಇನ್ನು ಹುಟ್ಟುವುದಿಲ್ಲ. ಹಾಗೆಂದು ನಿರಾಸೆಯಾಗಿಲ್ಲ. ಮಣಿಪಾಲದಲ್ಲಿ 1996ರಲ್ಲಿ ಕಳುವಾದ ಒಂದು ಮನೆಯ 1971ರ ಬುಲೆಟ್ ಮೋಟರ್‌ಸೈಕಲ್ಲನ್ನು ಕಾಲು ಶತಮಾನದ ಮೇಲೆ ಮಗ ಪತ್ತೆಹಚ್ಚಿ ತಂದೆಯ ಕೈಗೆ ಕೊಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಆ ಮಗನ ತಂದೆ ನೋಡಲು ಇದ್ದರು. ನನ್ನ ಅಪ್ಪ ಇಲ್ಲ. ಗಾಡಿಯನ್ನು ಮನೆಗೆ ತರುವ ಆಸೆಯೂ ನನಗಿಲ್ಲ, ಅಪ್ಪ ಮಾರಿದ್ದು ಮಾರಿದ್ದೇ. ಕೊಂಡವರು ದುಡ್ಡು ಕೊಟ್ಟಿದ್ದಾರೆ, ರಿಪೇರಿ ಮಾಡಿಸಿದ್ದಾರೆ, ಅದರಲ್ಲಿ ಜೀವ ಉಳಿಸಿದ್ದಾರೆ. ರಿಜಿಸ್ಟರಿನಲ್ಲಿ ಒಬ್ಬರದೇ ಹೆಸರು ಕುಂತಿರುವುದು ಅವರೆಲ್ಲರಿಗೂ ಆಗುವ ಅನ್ಯಾಯ. ಅಪ್ಪ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಖಾತೆಯಲ್ಲಿ ಇನ್ನೊಬ್ಬರ ಜಮಾ ತನ್ನ ಹೆಸರಿಗೆ ಬಿದ್ದರೆ ರಾತ್ರಿಯೇ ಹೋಗಿ ಹೇಳಿ ಬರುವ ಮನುಷ್ಯ ಅವರು.

ಅದಕ್ಕೇ ನನ್ನ ಬೇಡಿಕೆ ಇಷ್ಟು. ಗಾಡಿ ಇನ್ನೂ ಇದ್ದರೆ, ಇಟ್ಟುಕೊಂಡವರ ಕಿವಿಗೆ ಒಂದು ಮಾತು ಹಾಕು. 50 ವರ್ಷ ದಾಟಿದ, ಮೂಲ ರೂಪ ಕೆಡದ ಖಾಸಗಿ ಗಾಡಿಗಳಿಗೆ 2021ರ ಜುಲೈಯಿಂದ ಬೇರೆಯೇ ನೋಂದಣಿ ಬಂದಿದೆ. ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ ಇರುತ್ತದೆ, ಹೊಸದಾಗಿ ಬರೆಸಲು ಶುಲ್ಕ 20 ಸಾವಿರ ರೂಪಾಯಿ. ಬದಲಾದ ಎಂಜಿನ್ ಇಟ್ಟುಕೊಂಡು ಅದು ಸಿಗುವುದು ಕಷ್ಟ. ನಾರಾಯಣಖೇಡದ ಮಿಸ್ತ್ರಿ ಸಾಬರ ಗ್ಯಾರೇಜಿನ ಮೂಲೆಯಲ್ಲಿ ಆ ಹಳೇ ಪೆಟ್ರೋಲ್ ಎಂಜಿನ್ ಇನ್ನೂ ಗೋಣಿತಟ್ಟು ಹೊದ್ದು ಬಿದ್ದಿದೆ, ಬೇಕಾದವರು ಬಂದು ಒಯ್ಯಲಿ ಎಂದು ಅವರು ಹೇಳಿದ್ದಾರೆ. ಗಾಡಿ ಭಂಗಾರಿಗೆ ಹೋಗುವುದೇ ಖರೆಯಾದರೆ, ಗ್ಯಾಸ್ ಕಟರ್ ಹಿಡಿದವರು ಚಾಸಿ ನಂಬರಿನ ತುಂಡು ಕಡಿದು ತೆಗೆದಿಟ್ಟು ಆರ್‌ಟಿಒ ಕಚೇರಿಗೆ ಮುಟ್ಟಿಸಲಿ. ಹುಟ್ಟಿದ್ದು ಬರೆದ ಮೇಲೆ ಹೋದದ್ದೂ ಬರೆಯಬೇಕಲ್ಲ.

ಮಾಲೀಕರು ತೀರಿಕೊಂಡರೆ 30 ದಿನದೊಳಗೆ ತಿಳಿಸಬೇಕು, 3 ತಿಂಗಳೊಳಗೆ 31ನೇ ನಮೂನೆಯಲ್ಲಿ ಅರ್ಜಿ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಆ ಗಡುವು ಎಂದೋ ಮೀರಿದೆ. ಗಾಡಿ ಪುಸ್ತಕದಲ್ಲಿ ನಮ್ಮದೇ ಇದೆ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ಈಗ ನಾನು, ಅಣ್ಣ, ತಂಗಿ ಮೂವರೂ ಕೂಡಿ ವಕೀಲರಿಂದ ಪ್ರಮಾಣಪತ್ರ ಬರೆಸಿ ಇಟ್ಟಿದ್ದೇವೆ: ಈ ಗಾಡಿಯ ಮೇಲೆ ನಮಗೆ ಹಕ್ಕಿಲ್ಲ, ಈಗ ಇಟ್ಟುಕೊಂಡವರ ಹೆಸರಿಗೆ ಆಗಲು ನಮ್ಮ ಒಪ್ಪಿಗೆ ಇದೆ. ಔರಾದಕ್ಕೆ ಬಂದು ಅಮರೇಶ್ವರ ಗುಡಿಯ ಹತ್ತಿರ ಅಡತ್ ಕಾಕಾನ ಮನೆ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ನಾವು ಜೊತೆಗೆ ಕಚೇರಿಗೆ ಬರುತ್ತೇವೆ, ಖರ್ಚು ನಮ್ಮದು. ನಾರಾಯಣಖೇಡದಿಂದ ಗಾಡಿ ಒಯ್ದವರು ಯಾರು ಎಂದು ನಿನಗೆ ಗೊತ್ತಿದೆ ತಂದೆ. ಅವರನ್ನು ನಮ್ಮ ಕಡೆ ಕಳಿಸು.